ರಿಡಿಮ್, ಪಟ್ವಾ ಮತ್ತು ಒಡೆತನ: ಗ್ರೀನ್‌ಸ್ಲೀವ್ಸ್ ಧ್ವನಿಮುದ್ರಣ ಸಂಸ್ಥೆಯ ಡಾನ್ಸ್‌ಹಾಲ್ ಘಟ್ಟ

ಜಮೈಕಾದ ಬಹುಪಾಲು ಜನರ ಮನೆಮಾತು ಪಟ್ವಾ. ಪಶ್ಚಿಮ ಆಫ್ರಿಕದ ಭಾಷೆಗಳಿಗೂ ಇಂಗ್ಲಿಷಿಗೂ ಕಬ್ಬಿನ ತೋಟಗಳ ಗುಲಾಮಗಿರಿಯಲ್ಲಿ ಒದಗಿದ ಬಲವಂತದ ಸಂಪರ್ಕದಿಂದ ರೂಪುಗೊಂಡ ಈ ಮಾತಿಗೆ ತನ್ನದೇ ವ್ಯಾಕರಣವಿದೆ, ತನ್ನದೇ ಧ್ವನಿವ್ಯವಸ್ಥೆಯಿದೆ. 1962ರಲ್ಲಿ ದ್ವೀಪ ಬ್ರಿಟಿಷರಿಂದ ಸ್ವತಂತ್ರವಾದ ಮೇಲೂ ಆಡಳಿತ, ನ್ಯಾಯಾಲಯ, ಶಾಲೆಗಳಲ್ಲಿ ಇಂಗ್ಲಿಷೇ ಮುಂದುವರಿಯಿತು. ಪಟ್ವಾಕ್ಕೆ ಅಂಟಿದ್ದ ‘ಒಡಕು ಇಂಗ್ಲಿಷ್’ ಎಂಬ ಹಣೆಪಟ್ಟಿ ಕಳಚಲಿಲ್ಲ. ಲೂಯಿಸ್ ಬೆನೆಟ್ ಅವರ ಪಟ್ವಾ ಕವಿತೆಗಳ ಸಂಕಲನ ‘ಜಮೈಕಾ ಲಾಬ್ರಿಶ್’ 1966ರಲ್ಲಿ ಪ್ರಕಟವಾಯಿತು. ಮರುವರ್ಷ ಫ್ರೆಡ್ರಿಕ್ ಕ್ಯಾಸಿಡಿ ಮತ್ತು ರಾಬರ್ಟ್ ಲ ಪೇಜ್ ಸಂಪಾದಿಸಿದ ಜಮೈಕಾ ಇಂಗ್ಲಿಷಿನ ನಿಘಂಟು ಕೇಂಬ್ರಿಜ್‌ನಿಂದ ಹೊರಬಂತು. ಆದರೂ ಈ ಮಾತು ದ್ವೀಪದ ಗಡಿ ದಾಟಿ ಲಂಡನ್, ನ್ಯೂಯಾರ್ಕ್, ಟೋಕಿಯೊಗಳಲ್ಲಿ ಕಿವಿಗೆ ಬಿದ್ದದ್ದು ಕವಿತೆಯಿಂದಲೋ ನಿಘಂಟಿನಿಂದಲೋ ಅಲ್ಲ, ಗ್ರಾಮಫೋನ್ ತಟ್ಟೆಗಳಿಂದ.

ಆ ತಟ್ಟೆಗಳನ್ನು ಒತ್ತಿ ಹಂಚಿದ ಸಂಸ್ಥೆಗಳಲ್ಲಿ ಲಂಡನ್ನಿನ ಗ್ರೀನ್‌ಸ್ಲೀವ್ಸ್ ಪ್ರಮುಖವಾದದ್ದು. ಈ ಸಂಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಪಾಲಾಗಿ ನೋಡುವ ರೂಢಿಯಿದೆ. 1977ರಿಂದ 1985ರವರೆಗಿನ ಮೊದಲ ಪಾಲು ಸಂಗ್ರಾಹಕರ ಪ್ರೀತಿಗೆ ಪಾತ್ರವಾಗಿದೆ: ವಾದ್ಯಗಾರರ ತಂಡ ಕೂತು ನುಡಿಸಿದ ಸಂಗೀತ, ಪ್ರತಿಧ್ವನಿಗಳಲ್ಲಿ ತೇಲುವ ಡಬ್, ಚಿತ್ರಕಾರ ಟೋನಿ ಮೆಕ್‌ಡರ್ಮಟ್ ಬರೆದ ವರ್ಣಮಯ ಹೊದಿಕೆಗಳು. ಅನಂತರದ್ದು ಕಂಪ್ಯೂಟರ್ ತಾಳದ ಡಾನ್ಸ್‌ಹಾಲ್ ಘಟ್ಟ. ಅದನ್ನು ಇಳಿಗಾಲವೆಂದು ಬದಿಗೆ ಸರಿಸುವುದೇ ಹೆಚ್ಚು. ಭಾಷೆಯ ಚರಿತ್ರೆಯ ಕಡೆಯಿಂದ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ಪಟ್ವಾ ತನ್ನ ಅತ್ಯಂತ ದಟ್ಟ ರೂಪದಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದದ್ದು ಈ ಎರಡನೆಯ ಘಟ್ಟದಲ್ಲಿಯೇ. ಅದೇ ಘಟ್ಟದಲ್ಲಿ ಆ ಮಾತಿನ ದಾಖಲೆಗಳ ಒಡೆತನ ಯಾರದೆಂಬ ಪ್ರಶ್ನೆಯೂ ತೀವ್ರವಾಯಿತು. ಭಾಷೆಯೊಂದರ ಪ್ರಸಾರ ಹಿಗ್ಗಿದಂತೆ ಅದನ್ನಾಡುವವರ ಹಿಡಿತವೂ ಹಿಗ್ಗುತ್ತದೆಯೆ ಎಂಬುದು ಇಲ್ಲಿನ ಮೂಲ ವಿಚಾರ.

ಅಂಗಡಿಯಿಂದ ಸಂಸ್ಥೆಗೆ

ಕ್ರಿಸ್ ಕ್ರ್ಯಾಕ್‌ನೆಲ್ ಮತ್ತು ಕ್ರಿಸ್ ಸೆಜ್‌ವಿಕ್ ಎಂಬ ಇಬ್ಬರು 1975ರಲ್ಲಿ ಪಶ್ಚಿಮ ಲಂಡನ್ನಿನ ಈಲಿಂಗ್ ಭಾಗದಲ್ಲಿ ತೆರೆದ ಧ್ವನಿಮುದ್ರಿಕೆಗಳ ಅಂಗಡಿಯೇ ಗ್ರೀನ್‌ಸ್ಲೀವ್ಸ್‌ನ ಮೂಲ. ಮುಂದೆ ಅಂಗಡಿ ಶೆಫರ್ಡ್ಸ್ ಬುಷ್‌ಗೆ ಬಂತು. 1977ರಲ್ಲಿ ಅದೇ ಹೆಸರಿನ ಪ್ರಕಟಣ ಸಂಸ್ಥೆ ಶುರುವಾಯಿತು. ಎರಡನೆಯ ಮಹಾಯುದ್ಧದ ಬಳಿಕ ಕೆರಿಬಿಯನ್ನಿನಿಂದ ಬ್ರಿಟನ್ನಿಗೆ ವಲಸೆ ಬಂದವರ ಮಕ್ಕಳು ಆ ಹೊತ್ತಿಗೆ ಹರೆಯಕ್ಕೆ ಬಂದಿದ್ದರು. ಕಿಂಗ್‌ಸ್ಟನ್ನಿನಲ್ಲಿ ಈ ತಿಂಗಳು ಯಾವ ಹಾಡು ಕುಣಿಸುತ್ತಿದೆ ಎಂಬುದು ಅವರಿಗೆ ಊರಿನ ಸುದ್ದಿಯಷ್ಟೇ ಮುಖ್ಯ. ಅಂಗಡಿಯ ಗಲ್ಲದ ಮುಂದೆ ನಿಂತು ಅವರು ಏನು ಕೇಳುತ್ತಾರೆಂದು ದಿನವೂ ನೋಡುತ್ತಿದ್ದ ವ್ಯಾಪಾರಿಗಳೇ ಪ್ರಕಾಶಕರಾದದ್ದರಿಂದ ಸಂಸ್ಥೆಯ ಆಯ್ಕೆಗಳು ಕಿಂಗ್‌ಸ್ಟನ್ನಿನ ಬೀದಿಗೆ ಹತ್ತಿರವಾಗಿಯೇ ಉಳಿದವು.

ಅದರ ಕಾರ್ಯವಿಧಾನ ಸರಳವಾಗಿತ್ತು. ಹಾಡು ತಯಾರಾಗುತ್ತಿದ್ದದ್ದು ಕಿಂಗ್‌ಸ್ಟನ್ನಿನಲ್ಲಿ. ಅಲ್ಲಿನ ನಿರ್ಮಾಪಕನಿಂದ ಪರವಾನಗಿ ಪಡೆದು ಲಂಡನ್ನಿನಲ್ಲಿ ತಟ್ಟೆ ಒತ್ತಿ ಯುರೋಪಿಗೆ ಹಂಚುವುದು ಸಂಸ್ಥೆಯ ಪಾಲಿನ ಕೆಲಸ. ಹೆನ್ರಿ ‘ಜುಂಜೊ’ ಲಾಸ್ ಎಂಬ ನಿರ್ಮಾಪಕನೊಡನೆ ಬೆಳೆದ ನಂಟಿನಿಂದ ಬ್ಯಾರಿಂಗ್‌ಟನ್ ಲೀವೈ, ಈಕ್-ಎ-ಮೌಸ್, ಯೆಲ್ಲೋಮ್ಯಾನ್ ಮೊದಲಾದವರ ತಟ್ಟೆಗಳು ಲಂಡನ್ನಿಗೆ ಬಂದವು. ರೂಟ್ಸ್ ರ‍್ಯಾಡಿಕ್ಸ್ ತಂಡ ನುಡಿಸಿದ, ಸೈಂಟಿಸ್ಟ್ ಎಂಬ ಹೆಸರಿನ ತರುಣ ತಂತ್ರಜ್ಞ ಕಿಂಗ್ ಟಬಿಯ ಸ್ಟುಡಿಯೋದಲ್ಲಿ ಮಿಶ್ರಣ ಮಾಡಿದ ಡಬ್ ಸಂಪುಟಗಳೂ ಇದೇ ಹಾದಿಯಲ್ಲಿ ಬಂದವು.

ಡಾನ್ಸ್‌ಹಾಲ್ ಎಂಬ ಹೆಸರು ಹುಟ್ಟಿದ್ದು ಸಂಗೀತ ನಡೆಯುವ ಜಾಗದಿಂದ. ಬಯಲಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ಒಟ್ಟಿ ತಟ್ಟೆ ಹಾಕುವ ಏರ್ಪಾಡು ಸೌಂಡ್ ಸಿಸ್ಟಮ್. ತಟ್ಟೆ ಆಯ್ದು ಹಾಕುವವನು ಸೆಲೆಕ್ಟರ್. ಧ್ವನಿವಾಹಕ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಕಟ್ಟುವವನು ಡೀಜೆ. ಬೇರೆ ದೇಶಗಳಲ್ಲಿ ಡೀಜೆ ಎಂದರೆ ತಟ್ಟೆ ಹಾಕುವವನು, ಜಮೈಕಾದಲ್ಲಿ ಮಾತಿನವನು. 1970ರ ದಶಕದ ರೆಗ್ಗೆ ಲೋಕಕ್ಕೆಲ್ಲ ತಿಳಿಯುವ ಬೈಬಲ್ಲಿನ ಇಂಗ್ಲಿಷಿನತ್ತ ಒಲಿದಿತ್ತು. ಡೀಜೆ ಎದುರಿಗಿರುವ ಜನಕ್ಕಾಗಿ ಹಾಡುವವನು. ಬಾಡಿಗೆ, ಪೊಲೀಸು, ಜಗಳ, ಪ್ರಣಯ, ಚುನಾವಣೆ ಎಲ್ಲವೂ ಅವನ ಬಾಯಲ್ಲಿ ಆ ಜನದ ಮಾತಿನಲ್ಲಿಯೇ ಬರಬೇಕಿತ್ತು. ಹೀಗೆ ಹಾಡುಗಾರನಿಂದ ಡೀಜೆಗೆ ಪ್ರಾಶಸ್ತ್ಯ ಸರಿದಾಗ ಭಾಷೆಯ ತೂಕವೂ ಇಂಗ್ಲಿಷಿನಿಂದ ಪಟ್ವಾದತ್ತ ಸರಿಯಿತು.

1985: ಆಟಿಕೆಯಂಥ ವಾದ್ಯವೊಂದರ ಪರಿಣಾಮ

1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ, ಕಿಂಗ್ ಜ್ಯಾಮಿ ನಿರ್ಮಿಸಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಡಾನ್ಸ್‌ಹಾಲಿನ ದಿಕ್ಕನ್ನೇ ಬದಲಿಸಿತು. ವೇಯ್ನ್ ಸ್ಮಿತ್ ಮತ್ತು ನೋಯೆಲ್ ಡೇವಿ ಕ್ಯಾಸಿಯೊ ಎಂಟಿ-40 ಎಂಬ ಅಗ್ಗದ ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟಿದ್ದ ಒಂದು ತಾಳವನ್ನು ಕಂಡುಕೊಂಡರು. ಜ್ಯಾಮಿ ಅದರ ಓಟವನ್ನು ತಗ್ಗಿಸಿ ಹಾಡಿಗೆ ಹೊಂದಿಸಿದ. ಆ ವರ್ಷ ಫೆಬ್ರವರಿ 23ರಂದು ಕಿಂಗ್‌ಸ್ಟನ್ನಿನ ವಾಲ್ತಮ್ ಪಾರ್ಕ್ ರಸ್ತೆಯಲ್ಲಿ ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡ್ ಸಿಸ್ಟಮ್ ಎದುರು ನಡೆದ ಸ್ಪರ್ಧೆಯಲ್ಲಿ ಜ್ಯಾಮಿ ಇದನ್ನು ಬಳಸಿದ ಸಂಗತಿ ರೆಗ್ಗೆ ಚರಿತ್ರೆಯಲ್ಲಿ ಪ್ರಸಿದ್ಧ. ಬ್ರಿಟನ್ನಿನಲ್ಲಿ ಹಾಡನ್ನು ಹೊರತಂದದ್ದು ಗ್ರೀನ್‌ಸ್ಲೀವ್ಸ್.

ಈ ತಾಳವನ್ನು ವಾದ್ಯಕ್ಕೆ ರಚಿಸಿಕೊಟ್ಟವರು ಕ್ಯಾಸಿಯೊದ ಉದ್ಯೋಗಿ ಹಿರೊಕೊ ಒಕುಡಾ. ಸಂಗೀತ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ ಅವರು ರೆಗ್ಗೆಯ ಮೇಲೆಯೇ ಪ್ರಬಂಧ ಬರೆದಿದ್ದರು. ಜಮೈಕಾದ ಸಂಗೀತ ಜಪಾನಿಗೆ ಹೋಗಿ, ಒಬ್ಬ ವಿದ್ಯಾರ್ಥಿನಿಯ ಕಿವಿಯಲ್ಲಿ ನೆಲೆಸಿ, ಯಂತ್ರದೊಳಗೆ ಸೇರಿ, ಮರಳಿ ಕಿಂಗ್‌ಸ್ಟನ್ನಿಗೆ ಬಂತು. ಯಂತ್ರದ ತಾಳವೆಂದರೆ ಪರಕೀಯ, ಕೈಯಿಂದ ನುಡಿಸಿದ್ದು ದೇಶೀಯ ಎಂಬ ಸರಳ ವಿಂಗಡಣೆಗೆ ಈ ಸಂಗತಿ ಎಡೆಗೊಡುವುದಿಲ್ಲ.

ಆರ್ಥಿಕ ಪರಿಣಾಮ ಮಾತ್ರ ಕಠಿಣವಾಗಿತ್ತು. ಇಡೀ ತಂಡವನ್ನು ಕೂಡಿಸಿ ಸ್ಟುಡಿಯೋ ಬಾಡಿಗೆ ತೆರುವ ಅಗತ್ಯ ಕಡಿಮೆಯಾಯಿತು. ಅಧಿವೇಶನದಿಂದ ಅಧಿವೇಶನಕ್ಕೆ ದುಡಿದು ಬದುಕುತ್ತಿದ್ದ ವಾದ್ಯಗಾರರಿಗೆ ಕೆಲಸ ತಪ್ಪಿತು. ಬಂಡವಾಳವಿಲ್ಲದ ಹೊಸ ನಿರ್ಮಾಪಕರಿಗೆ ಬಾಗಿಲು ತೆರೆಯಿತು. ತಾಳದ ಪದರಗಳು ವಿರಳವಾದಷ್ಟೂ ಮಾತಿಗೆ ಜಾಗ ಹೆಚ್ಚಿತು. ಬಾಸ್ ಮತ್ತು ತಾಳದ ನಡುವಿನ ಬರಿದಿನಲ್ಲಿ ಡೀಜೆಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳತೊಡಗಿತು. ಭಾಷಾ ಚರಿತ್ರೆಗೆ 1985 ಮುಖ್ಯವಾಗುವುದು ಈ ಕಾರಣಕ್ಕೆ.

ಹಾಡಿನ ವಸ್ತು ಗಾಂಜಾ. ಈ ಪದವೂ ಅದರ ಬಳಕೆಯ ರೂಢಿಯೂ ಜಮೈಕಾಕ್ಕೆ ಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಿಂದ ಕರಾರಿನ ಮೇಲೆ ಸಾಗಿಸಲ್ಪಟ್ಟ ದುಡಿಮೆಗಾರರೊಂದಿಗೆ. ಗುಲಾಮಗಿರಿ ರದ್ದಾದ ಬಳಿಕ ತೋಟಗಳಿಗೆ ಆಳು ಬೇಕಾಗಿ 1845ರಿಂದ 1917ರವರೆಗೆ ಸುಮಾರು 36,000 ಭಾರತೀಯರನ್ನು ದ್ವೀಪಕ್ಕೆ ಒಯ್ಯಲಾಯಿತು. ಹೆಚ್ಚಿನವರು ಅವಧ್, ಬಿಹಾರ ಪ್ರಾಂತಗಳವರು. ಮದರಾಸಿನ ಮೂಲಕ ಹೋದವರೂ ಇದ್ದರು. ಅವರ ಭಾಷೆಗಳು ಅಲ್ಲಿ ಬಾಳಲಿಲ್ಲ. ಬೆರಳೆಣಿಕೆಯ ಪದಗಳು ಪಟ್ವಾದೊಳಗೆ ಸೇರಿ ಉಳಿದವು. ಇವುಗಳಲ್ಲಿ ಇನ್ನೊಂದರ ಕುರಿತು ಮುಂದೆ ನೋಡಬೇಕಾಗುತ್ತದೆ.

ಲಂಡನ್ನಿನಲ್ಲಿ ಹುಟ್ಟಿದ ದನಿಗಳು

ಗ್ರೀನ್‌ಸ್ಲೀವ್ಸ್ ಕಿಂಗ್‌ಸ್ಟನ್ನಿನ ಸರಕನ್ನಷ್ಟೇ ನೆಚ್ಚಿಕೊಂಡಿರಲಿಲ್ಲ. ಅದರ ಅಂಗಸಂಸ್ಥೆ ಯುಕೆ ಬಬ್ಲರ್ಸ್ ಬ್ರಿಟನ್ನಿನಲ್ಲಿಯೇ ಹುಟ್ಟಿ ಬೆಳೆದ ಡೀಜೆಗಳಿಗೆ ಮೀಸಲಾಗಿತ್ತು. ಅದರ ಮೂಲಕ ಬಂದ ಟಿಪ್ಪಾ ಐರಿಯ ‘ಹಲೋ ಡಾರ್ಲಿಂಗ್’ 1986ರಲ್ಲಿ ಬ್ರಿಟಿಷ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 22ನೆಯ ಸ್ಥಾನಕ್ಕೇರಿತು. ಈ ಪೀಳಿಗೆಯ ಮಾತು ಅಪ್ಪ-ಅಮ್ಮಂದಿರ ಪಟ್ವಾವೂ ಅಲ್ಲ, ಲಂಡನ್ನಿನ ಕಾಕ್ನಿಯೂ ಅಲ್ಲ; ಎರಡರಲ್ಲೂ ಸಲೀಸಾಗಿ ಓಡಾಡುವ ಮಾತು. ಇನ್ನೊಂದು ಲಂಡನ್ ಸಂಸ್ಥೆಯಾದ ಫ್ಯಾಷನ್ ರೆಕಾರ್ಡ್ಸ್ 1984ರಲ್ಲಿ ಹೊರತಂದ ಸ್ಮೈಲಿ ಕಲ್ಚರ್‌ನ ‘ಕಾಕ್ನಿ ಟ್ರಾನ್ಸ್‌ಲೇಶನ್’ ಈ ದ್ವಿಭಾಷಿಕತೆಯನ್ನೇ ವಸ್ತುವಾಗಿಸಿಕೊಂಡಿತು. ಎರಡು ಮಾತುಗಳ ಪದಗಳನ್ನು ಜೋಡಿಸಿಡುವ ಆ ಹಾಡು ನಗಿಸುತ್ತಲೇ ಒಂದು ಸಣ್ಣ ಪದಕೋಶದ ಕೆಲಸ ಮಾಡುತ್ತದೆ.

ಬಾರ್ಬಡೋಸ್‌ನ ಕವಿ ಕಮಾವು ಬ್ರ್ಯಾತ್‌ವೇಟ್ 1984ರ ‘ಹಿಸ್ಟರಿ ಆಫ್ ದ ವಾಯ್ಸ್’ ಪುಸ್ತಕದಲ್ಲಿ ಕೆರಿಬಿಯನ್ ಜನರ ಇಂಗ್ಲಿಷನ್ನು ಉಪಭಾಷೆಯೆಂದು ಕರೆಯದೆ ‘ರಾಷ್ಟ್ರಭಾಷೆ’ ಎಂದು ಕರೆದರು. ಅಧಿಕೃತ ಸ್ಥಾನಮಾನದ ಸೂಚನೆ ಆ ಪದಕ್ಕಿಲ್ಲ. ಜನಾಂಗವೊಂದರ ಅನುಭವ, ಉಸಿರು, ಲಯಗಳನ್ನು ಹೊತ್ತ ಮಾತೆಂಬುದು ಅದರ ಅರ್ಥ. ಆ ಮಾತು ಧ್ವನಿಯಲ್ಲಿ ಬದುಕುತ್ತದೆ, ಕಾಗದದ ಮೇಲೆ ಅದರ ಒಂದು ಭಾಗ ಕಳೆದುಹೋಗುತ್ತದೆ ಎಂಬ ಅವರ ವಾದಕ್ಕೆ ತಟ್ಟೆಗಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ರಾಷ್ಟ್ರದ ಗಡಿಯೊಳಗೆ ಮಾನ್ಯತೆ ಸಿಗದ ರಾಷ್ಟ್ರಭಾಷೆಗೆ ಗಡಿಯಾಚೆ ಮುದ್ರಕ ಸಿಕ್ಕಿದ ಎಂಬುದು ಈ ಚರಿತ್ರೆಯ ವಿಚಿತ್ರ ತಿರುವು.

‘ಓ ಕ್ಯಾರೊಲಿನಾ’ ಎತ್ತಿದ ಪ್ರಶ್ನೆ

1993ರ ಮಾರ್ಚ್‌ನಲ್ಲಿ ಶ್ಯಾಗಿ ಹಾಡಿದ ‘ಓ ಕ್ಯಾರೊಲಿನಾ’ ಬ್ರಿಟಿಷ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಬ್ರೂಕ್ಲಿನ್ನಿಗೆ ವಲಸೆ ಹೋದ ಗಾಯಕ, ನ್ಯೂಯಾರ್ಕಿನ ನಿರ್ಮಾಪಕ, ಲಂಡನ್ನಿನ ಪ್ರಕಾಶಕ: ಜಮೈಕಾದ ಸಂಗೀತ ಅಷ್ಟರಲ್ಲಿ ಮೂರು ನಗರಗಳ ನಡುವೆ ಹಂಚಿಹೋಗಿತ್ತು. ಗ್ರೀನ್‌ಸ್ಲೀವ್ಸ್‌ನ ಪಾಲಿಗೆ ಇದು ಅತಿ ದೊಡ್ಡ ವ್ಯಾಪಾರಿ ಗೆಲುವು. ಗೆಲುವಿನ ಬೆನ್ನಿಗೇ ಹಳೆಯ ಲೆಕ್ಕವೊಂದು ಮೇಲೆದ್ದಿತು.

ಹಾಡಿನ ಮೂಲ ರೂಪವನ್ನು 1960ರಲ್ಲಿ ಫೋಕ್ಸ್ ಸಹೋದರರು ಹಾಡಿದ್ದರು. ರಾಸ್ತಫಾರಿ ಸಮುದಾಯದ ಕೌಂಟ್ ಒಸ್ಸಿ ಮತ್ತು ಸಂಗಡಿಗರ ಕೈಚರ್ಮವಾದ್ಯಗಳು ಅದರಲ್ಲಿ ಮೊಳಗಿದ್ದವು. ಧ್ವನಿಮುದ್ರಣ ಮಾಡಿಸಿದವನು ಪ್ರಿನ್ಸ್ ಬಸ್ಟರ್. ದ್ವೀಪದ ಜನಪ್ರಿಯ ಸಂಗೀತದಲ್ಲಿ ರಾಸ್ತಫಾರಿಗಳ ಡೋಲು ಕೇಳಿಸಿದ ಮೊದಮೊದಲ ದಾಖಲೆಗಳಲ್ಲಿ ಇದೊಂದು. ಹೊಸ ರೂಪ ಹಣ ತರತೊಡಗಿದಾಗ ಹಾಡು ಬರೆದವರು ಯಾರೆಂಬ ತಕರಾರು ಲಂಡನ್ನಿನ ಹೈಕೋರ್ಟಿಗೆ ಹೋಯಿತು. 1994ರಲ್ಲಿ ನ್ಯಾಯಾಲಯ ಜಾನ್ ಫೋಕ್ಸ್ ಅವರೇ ಕರ್ತೃವೆಂದು ತೀರ್ಮಾನಿಸಿತು. ಮೂವತ್ತನಾಲ್ಕು ವರ್ಷಗಳ ಹಿಂದೆ ಒಮ್ಮೆಗೇ ಕೊಡುವ ಅಲ್ಪ ಹಣಕ್ಕೆ ಹಾಡುವುದು ಕಿಂಗ್‌ಸ್ಟನ್ನಿನಲ್ಲಿ ರೂಢಿಯಾಗಿದ್ದ ಕಾಲದ ಕೃತಿಯೊಂದಕ್ಕೆ ಹೀಗೆ ಕಾನೂನಿನ ಒಡೆಯ ಸಿಕ್ಕರು. ಆದರೆ ಡೋಲಿನವರ ಪಾಲು ‘ರಚನೆ’ ಎಂಬ ಪರಿಭಾಷೆಯೊಳಗೆ ಸುಲಭವಾಗಿ ಅಡಕವಾಗುವಂಥದಲ್ಲ. ಸಾಹಿತ್ಯ ಮತ್ತು ರಾಗಕ್ಕೆ ಕರ್ತೃವನ್ನು ಹುಡುಕುವ ಕಾನೂನಿಗೆ ಲಯದ ಕರ್ತೃವನ್ನು ಗುರುತಿಸುವ ಅಭ್ಯಾಸ ಕಡಿಮೆ.

ಕಾಲಸಂಯೋಗವೂ ಗಮನಾರ್ಹ. ಜಮೈಕಾ ತನ್ನದೇ ಆಧುನಿಕ ಕೃತಿಸ್ವಾಮ್ಯ ಕಾಯ್ದೆಯನ್ನು ಜಾರಿಗೆ ತಂದದ್ದು 1993ರಲ್ಲಿ. ಅಲ್ಲಿಯವರೆಗೆ ವಸಾಹತು ಕಾಲದ 1911ರ ಬ್ರಿಟಿಷ್ ಕಾಯ್ದೆಯೇ ನಡೆದಿತ್ತು. ಸ್ಕಾ, ರಾಕ್‌ಸ್ಟೆಡಿ, ರೆಗ್ಗೆ, ಮೊದಲ ಡಾನ್ಸ್‌ಹಾಲ್ ಎಲ್ಲವೂ ಹುಟ್ಟಿ ಬೆಳೆದದ್ದು ಈ ಹಳೆಯ ಕಾಯ್ದೆಯ ನೆರಳಿನಲ್ಲಿ. ಬರಹದ ಒಪ್ಪಂದ ಯಾರ ಕೈಯಲ್ಲಿದೆಯೋ ಹಾಡು ಅವರದಾಯಿತು.

ಒಂದು ರಿಡಿಮ್, ಇಪ್ಪತ್ತು ಹಾಡು

ಡಾನ್ಸ್‌ಹಾಲಿನ ಆಧಾರಘಟಕ ರಿಡಿಮ್: ಬಾಸ್, ತಾಳ ಮತ್ತು ಒಂದೆರಡು ಸ್ವರಸಂಗತಿಗಳಿಂದಾದ ಮುದ್ರಿತ ಹಿನ್ನೆಲೆ. ಒಂದೇ ರಿಡಿಮ್ ಮೇಲೆ ಹತ್ತಾರು ಜನ ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಪೀಟರ್ ಮ್ಯಾನ್ಯುಯೆಲ್ ಮತ್ತು ವೇಯ್ನ್ ಮಾರ್ಷಲ್ 2006ರ ತಮ್ಮ ಪ್ರಬಂಧದಲ್ಲಿ ಇದನ್ನು ‘ರಿಡಿಮ್ ಪದ್ಧತಿ’ ಎಂದು ಹೆಸರಿಸಿ ವಿಶ್ಲೇಷಿಸಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಹರದೇಶಿ–ನಾಗೇಶಿ ಮೇಳಗಳನ್ನು ಬಲ್ಲವರಿಗೆ ಗೊತ್ತಿರುವ ಧಾಟಿಯನ್ನೆತ್ತಿ ಹೊಸ ಪದ ಕಟ್ಟಿ ಎದುರಾಳಿಗೆ ಸವಾಲೆಸೆಯುವ ಕ್ರಮ ಹೊಸದೇನಲ್ಲ. ವ್ಯತ್ಯಾಸವಿರುವುದು ಒಂದೆಡೆ. ಧಾಟಿ ನೆನಪಿನಲ್ಲಿರುತ್ತದೆ, ಯಾರ ಸೊತ್ತೂ ಆಗುವುದಿಲ್ಲ. ರಿಡಿಮ್ ಟೇಪಿನ ಮೇಲಿರುತ್ತದೆ, ಟೇಪಿಗೆ ಒಡೆಯನಿರುತ್ತಾನೆ. ಸಾಮೂಹಿಕ ಸಂಪ್ರದಾಯದ ನಡವಳಿಕೆಯೂ ಖಾಸಗಿ ಆಸ್ತಿಯ ಕಾನೂನೂ ಒಂದೇ ವಸ್ತುವಿನಲ್ಲಿ ಕೂಡಿದ್ದರಿಂದಲೇ ಡಾನ್ಸ್‌ಹಾಲಿನ ತಕರಾರುಗಳು ಬಗೆಹರಿಯದ ಬಗೆಯವು.

ಒಂದೇ ರಿಡಿಮಿನ ಹಾಡುಗಳನ್ನು ಒಟ್ಟಿಗೆ ತರುವ ಪ್ರಯೋಗವನ್ನು ರೂಪಿ ಎಡ್ವರ್ಡ್ಸ್ 1974ರ ‘ಯಮಾಹಾ ಸ್ಕ್ಯಾಂಕ್’ನಲ್ಲಿಯೇ ಮಾಡಿದ್ದ. 2000ದ ಬಳಿಕ ಗ್ರೀನ್‌ಸ್ಲೀವ್ಸ್ ಅದನ್ನೊಂದು ಮಾಲೆಯಾಗಿ, ಕ್ರಮಸಂಖ್ಯೆ ಕೊಟ್ಟು, ಸಂಪುಟದ ಮೇಲೆ ಸಂಪುಟವಾಗಿ ಪ್ರಕಟಿಸಿತು. ಕಿಂಗ್‌ಸ್ಟನ್ನಿನಲ್ಲಿ ಬಿಡಿ ಬಿಡಿ ಏಳಂಗುಲದ ತಟ್ಟೆಗಳಾಗಿ ಚದುರಿಹೋಗುತ್ತಿದ್ದದ್ದು ಇಲ್ಲಿ ಒಂದೆಡೆ ಸೇರಿ ನಿಂತಿತು. ಒಬ್ಬ ಕಲಾವಿದನ ಪ್ರತಿಭೆಯ ಸುತ್ತ ಹೆಣೆಯುವ ಪಾಶ್ಚಾತ್ಯ ಸಂಪುಟದ ಕಲ್ಪನೆಗೆ ಇದು ಹೊರಗಿನದು. ಸಂಪುಟದ ನಾಯಕ ಇಲ್ಲಿ ರಿಡಿಮ್. ಅದೇ ಹಿನ್ನೆಲೆಗೆ ಒಬ್ಬ ಗಾಯಕಿ ಪ್ರೇಮವನ್ನೂ ಒಬ್ಬ ಡೀಜೆ ಬಡತನವನ್ನೂ ಮತ್ತೊಬ್ಬ ಬಡಾಯಿಯನ್ನೂ ಕಟ್ಟುವುದನ್ನು ಸಾಲಾಗಿ ಕೇಳಿದಾಗ ಆ ಋತುವಿನ ಕಿಂಗ್‌ಸ್ಟನ್ನಿನ ಮಾತಿನ ಅಡ್ಡಕೊಯ್ತವೊಂದು ಕೈಗೆ ಸಿಗುತ್ತದೆ. ಭಾಷಾವಿಜ್ಞಾನಿಗಳು ಯೋಜನೆ ಹಾಕಿ ಮಾಡಬೇಕಾದ ಕೆಲಸ ವ್ಯಾಪಾರದ ಉಪಫಲವಾಗಿ ನಡೆದುಹೋಯಿತು.

ಈ ಮಾಲೆಯ ಅತಿ ಪ್ರಸಿದ್ಧ ರಿಡಿಮಿನ ಹೆಸರು ‘ದಿವಾಲಿ’. ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಕಟ್ಟಿದ ಈ ಹಿನ್ನೆಲೆಯ ಗುರುತು ಅದರ ಓರೆಯಾದ ಚಪ್ಪಾಳೆ. ಇದರ ಮೇಲೆ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’ 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’, ನ್ಯೂಯಾರ್ಕಿನ ಲುಮಿಡಿಯ ‘ನೆವರ್ ಲೀವ್ ಯು’ ಕೂಡ ಅದೇ ರಿಡಿಮಿನ ಸಂತಾನ. ಒಂದೇ ವರ್ಷ ಒಂದೇ ಹಿನ್ನೆಲೆ ಮೂರು ಬೇರೆ ಬೇರೆ ಹಾಡುಗಳಾಗಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಮೊಳಗಿತು.

ಅದೇ ಹೊತ್ತಿನ ಇನ್ನೊಂದು ರಿಡಿಮ್, ಕೊರ್ಡೆಲ್ ‘ಸ್ಕ್ಯಾಟಾ’ ಬರೆಲ್ ನಿರ್ಮಿಸಿದ್ದು, ‘ಕೂಲಿ ಡಾನ್ಸ್’. ನೀನಾ ಸ್ಕೈ ಜೋಡಿಯ 2004ರ ‘ಮೂವ್ ಯಾ ಬಾಡಿ’ ಇದರ ಮೇಲೆ ಕಟ್ಟಿದ್ದು. ಕನ್ನಡ, ತಮಿಳು, ತೆಲುಗುಗಳಲ್ಲಿ ಕೂಲಿ ಎಂದರೆ ದಿನದ ದುಡಿಮೆಗೆ ಸಿಗುವ ಪ್ರತಿಫಲ. ಇಂಗ್ಲಿಷಿನ ‘ಕೂಲಿ’ಗೆ ಈ ದ್ರಾವಿಡ ಪದವೇ ಮೂಲವೆಂಬುದು ಒಂದು ಅಭಿಪ್ರಾಯ, ಗುಜರಾತಿನ ಕೋಲಿ ಜನರ ಹೆಸರಿನಿಂದ ಬಂತೆಂಬುದು ಇನ್ನೊಂದು. ವಸಾಹತು ಹಡಗುಗಳಲ್ಲಿ ಈ ಪದ ದುಡಿಮೆಯ ಬೆಲೆಯಿಂದ ದುಡಿಯುವ ಮನುಷ್ಯನಿಗೆ, ಅಲ್ಲಿಂದ ಅವನ ಜನಾಂಗಕ್ಕೆ ಸರಿಯಿತು. ಜಮೈಕಾದಲ್ಲಿ ಭಾರತೀಯ ಮೂಲದವರನ್ನು ಆ ಹೆಸರಿನಿಂದ ಕರೆಯುವುದು ಸಲುಗೆಯೂ ಹೌದು, ಅವಮಾನವೂ ಹೌದು. ಭಾಷೆ ಕಳೆದುಕೊಂಡ ಸಮುದಾಯವೊಂದರ ಗುರುತಾಗಿ ಉಳಿದ ಪದ ನೃತ್ಯವೊಂದರ ಹೆಸರಾಗಿ ಲೋಕ ಸುತ್ತಿತು. ಕುಣಿದವರಲ್ಲಿ ಹೆಚ್ಚಿನವರಿಗೆ ಅದರೊಳಗಿನ ಬೆವರು ಕಾಣಿಸಿರಲಾರದು.

ಹೊದಿಕೆಯ ಮೇಲಿನ ಕಾಗುಣಿತ

ಡೀಜೆ ಹಾಡುವಾಗ ಕಾಗುಣಿತದ ತೊಂದರೆಯಿಲ್ಲ. ತಟ್ಟೆಯ ಮೇಲೆ ಹಾಡಿನ ಹೆಸರು ಅಚ್ಚು ಮಾಡುವಾಗ ಯಾರೋ ಒಬ್ಬರು ನಿರ್ಧರಿಸಲೇಬೇಕು. ಯೆಲ್ಲೋಮ್ಯಾನನ 1983ರ ಸಂಪುಟದ ‘ಜುಂಗುಜುಂಗುಗುಜುಂಗುಜೆಂಗ್’ ಎಂಬ ಹೆಸರು ಅರ್ಥವಿರುವ ಪದವಲ್ಲ, ಬಾಯಿಂದ ಹೊಮ್ಮಿದ ತಾಳ. ಅದನ್ನು ರೋಮನ್ ಅಕ್ಷರಗಳಿಗೆ ಇಳಿಸಿದ ಕೈ ಯಾವ ನಿಘಂಟಿನ ನೆರವೂ ಇಲ್ಲದೆ ಕೆಲಸ ಮಾಡಿದೆ. ‘ಸ್ಲೆಂಗ್ ಟೆಂಗ್’ ಹಾಡಿನ ಹೆಸರಿನಲ್ಲಿ ಉತ್ತಮಪುರುಷದ ರೂಪ ಒಂದು ಕಡೆ ಇಂಗ್ಲಿಷ್ ಕಾಗುಣಿತದಲ್ಲಿಯೂ ಮತ್ತೊಂದು ಕಡೆ ಉಚ್ಚಾರವನ್ನನುಸರಿಸಿಯೂ ಕಾಣಿಸಿಕೊಳ್ಳುತ್ತದೆ. ವೈಬ್ಜ್ ಕಾರ್ಟೆಲ್‌ನ 2003ರ ಸಂಪುಟ ‘ಅಪ್ 2 ಡಿ ಟೈಮ್’ನಲ್ಲಿ ಒಂದು ಪದದ ಜಾಗಕ್ಕೆ ಅಂಕಿ ಬಂದಿದೆ, ಇಂಗ್ಲಿಷಿನ ‘ದ’ ಪಟ್ವಾದ ‘ಡಿ’ ಆಗಿದೆ.

ಮಾಲೆಯ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರೀನ್‌ಸ್ಲೀವ್ಸ್ ತನ್ನ ಮಾಲೆಯನ್ನು ‘ರಿದಮ್ ಆಲ್ಬಮ್’ ಎಂದೇ ಕರೆಯಿತು. ಶುದ್ಧ ಇಂಗ್ಲಿಷ್ ಪದ. ಅದೇ ಕಾಲದಲ್ಲಿ ನ್ಯೂಯಾರ್ಕಿನ ವಿಪಿ ರೆಕಾರ್ಡ್ಸ್ ತನ್ನ ಮಾಲೆಗೆ ‘ರಿಡಿಮ್ ಡ್ರಿವನ್’ ಎಂದು ಪಟ್ವಾದ ರೂಪವನ್ನಿಟ್ಟಿತು. ಹಾಡಿನ ಒಳಗೆ ಪಟ್ವಾಕ್ಕೆ ಪೂರ್ಣ ಸ್ವಾತಂತ್ರ್ಯವಿದ್ದರೂ ಲಂಡನ್ನಿನ ಸಂಸ್ಥೆ ತನ್ನ ಸ್ವಂತ ದನಿಯಲ್ಲಿ ಮಾತಾಡುವಾಗ ಇಂಗ್ಲಿಷನ್ನೇ ಆರಿಸಿಕೊಂಡಿತು. ಮನೆಯ ಪಡಸಾಲೆಯಲ್ಲಿ ಒಂದು ಭಾಷೆ, ಬಾಗಿಲ ಫಲಕದಲ್ಲಿ ಇನ್ನೊಂದು.

ಕ್ಯಾಸಿಡಿ 1961ರಲ್ಲಿಯೇ ಪಟ್ವಾಕ್ಕೆ ಉಚ್ಚಾರಾನುಸಾರಿ ಕಾಗುಣಿತವೊಂದನ್ನು ಸೂಚಿಸಿದ್ದರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೋನಾ ಆವರಣದಲ್ಲಿ 2002ರಲ್ಲಿ ಆರಂಭವಾದ ಜಮೈಕಾ ಭಾಷಾ ಘಟಕ ಅದನ್ನು ಪರಿಷ್ಕರಿಸಿ ಬಳಕೆಗೆ ತಂದಿತು. 2012ರಲ್ಲಿ ಹೊರಬಂದ ಪಟ್ವಾ ಹೊಸ ಒಡಂಬಡಿಕೆ ಅದೇ ಕಾಗುಣಿತದಲ್ಲಿದೆ. ಈ ವ್ಯವಸ್ಥಿತ ಬರಹದ ಪಕ್ಕದಲ್ಲಿ ಧ್ವನಿಮುದ್ರಿಕೆಗಳ ಬರಹ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಆದರೆ ಓದುಗರು ದಶಕಗಳ ಕಾಲ ಪಟ್ವಾವನ್ನು ಕಣ್ಣಿನಿಂದ ಗುರುತಿಸಲು ಕಲಿತದ್ದು ಬಹುಮಟ್ಟಿಗೆ ಇಂಥ ಹೊದಿಕೆಗಳಿಂದ. ಪಂಡಿತರ ಕಾಗುಣಿತಕ್ಕೆ ನಿಯಮವಿದೆ, ವ್ಯಾಪಾರದ ಕಾಗುಣಿತಕ್ಕೆ ಬಳಕೆಯಿದೆ; ಯಾವ ಭಾಷೆಯ ಲಿಪೀಕರಣದಲ್ಲೂ ಈ ಎರಡು ಶಕ್ತಿಗಳ ಎಳೆದಾಟ ತಪ್ಪಿದ್ದಲ್ಲ.

ಅರ್ಥವಾದದ್ದರ ಬೆಲೆ

ಮಾತು ದೂರ ಹೋದಾಗ ಅದರ ಹೊಣೆಯೂ ಹಿಂಬಾಲಿಸುತ್ತದೆ. ಡಾನ್ಸ್‌ಹಾಲಿನ ಹಲವು ಹಾಡುಗಳಲ್ಲಿ ಸಲಿಂಗಕಾಮಿಗಳ ಮೇಲಿನ ಹಿಂಸೆಗೆ ನೇರ ಕರೆ ಇತ್ತು. ಬ್ರಿಟನ್ನಿನ ಔಟ್‌ರೇಜ್ ಮೊದಲಾದ ಸಂಘಟನೆಗಳು ‘ಸ್ಟಾಪ್ ಮರ್ಡರ್ ಮ್ಯೂಸಿಕ್’ ಎಂಬ ಹೆಸರಿನಲ್ಲಿ ಚಳವಳಿ ಹೂಡಿದವು. 2004ರಲ್ಲಿ ಮೊಬೊ ಪ್ರಶಸ್ತಿಯ ಸಂಘಟಕರು ಎಲಿಫೆಂಟ್ ಮ್ಯಾನ್ ಮತ್ತು ವೈಬ್ಜ್ ಕಾರ್ಟೆಲ್‌ರ ಹೆಸರುಗಳನ್ನು ಪಟ್ಟಿಯಿಂದ ತೆಗೆದರು. ಗ್ರೀನ್‌ಸ್ಲೀವ್ಸ್ ಇಬ್ಬರ ಸಂಪುಟಗಳನ್ನೂ ಹೊರತಂದಿತ್ತು.

ವಿದ್ವಾಂಸರಲ್ಲಿ ಇದರ ಕುರಿತು ಒಮ್ಮತವಿಲ್ಲ. ‘ನಾಯ್ಸಸ್ ಇನ್ ದ ಬ್ಲಡ್’ ಮತ್ತು ‘ಸೌಂಡ್ ಕ್ಲ್ಯಾಶ್’ ಕೃತಿಗಳ ಲೇಖಕಿ ಕ್ಯಾರೊಲಿನ್ ಕೂಪರ್ ಡೀಜೆಯ ಬಂದೂಕು ಬಹುಮಟ್ಟಿಗೆ ಮಾತಿನ ಬಂದೂಕು, ಅದನ್ನು ಪ್ರದರ್ಶನದ ರೂಪಕವಾಗಿ ಓದಬೇಕು, ಅಕ್ಷರಶಃ ಅನುವಾದ ಆ ಸಂಸ್ಕೃತಿಗೆ ಅನ್ಯಾಯ ಮಾಡುತ್ತದೆ ಎಂದು ವಾದಿಸಿದ್ದಾರೆ. ಅನುವಾದದಲ್ಲಿ ರೂಪಕ ಸಾಯುತ್ತದೆಂಬುದು ತೌಲನಿಕ ಅಧ್ಯಯನಕ್ಕೆ ಪರಿಚಿತ ಸತ್ಯ. ಆದರೆ ಹಲ್ಲೆಯ ಭಯದಲ್ಲಿ ಬದುಕುವ ಜಮೈಕಾದ ಸಲಿಂಗಕಾಮಿಗೆ ಪಟ್ವಾ ಹೊರಗಿನ ಭಾಷೆಯಲ್ಲ. ಅವನಿಗೂ ಅವಳಿಗೂ ಅದು ತಾಯ್ನುಡಿಯೇ. ಆ ಹಾಡು ಅವರಿಗೆ ಅನುವಾದದಿಂದಾಗಿ ಭಯಾನಕವಾದದ್ದಲ್ಲ. ಕಡೆಗಣಿಸಲ್ಪಟ್ಟ ಭಾಷೆಯ ಪರವಾಗಿ ನಿಲ್ಲುವವರು ಆ ಭಾಷೆಯೊಳಗೇ ಕಡೆಗಣಿಸಲ್ಪಟ್ಟವರನ್ನು ಮರೆಯುವ ಅಪಾಯ ಇಲ್ಲಿ ನಿಚ್ಚಳವಾಗಿದೆ. 2005ರ ಆರಂಭದಲ್ಲಿ ರೆಗ್ಗೆ ಉದ್ಯಮದ ಪ್ರತಿನಿಧಿಗಳಿಗೂ ಚಳವಳಿಗಾರರಿಗೂ ನಡುವೆ ಒಪ್ಪಂದವೊಂದು ಏರ್ಪಟ್ಟಿತು. ಅದು ವಿವಾದವನ್ನು ಮುಗಿಸಲಿಲ್ಲ. ಪ್ರಕಾಶಕ ಬರಿಯ ವಾಹಕನೆಂಬ ನಿಲುವು ಮಾತ್ರ ಅಂದಿಗೆ ಸಡಿಲಿತು.

ಕೈ ಬದಲಾದ ಭಂಡಾರ

ತಟ್ಟೆಗಳ ಮಾರಾಟ ಕುಸಿದು ಅಂತರ್ಜಾಲದ ಹಂಚಿಕೆ ಹೆಚ್ಚಿದ ಕಾಲದಲ್ಲಿ ಸಂಸ್ಥೆಯ ಬೆಲೆ ಹೊಸ ಹಾಡಿಗಿಂತ ಹಳೆಯ ಹಕ್ಕುಗಳಲ್ಲಿ ಉಳಿಯಿತು. 2006ರಲ್ಲಿ ಜೆಸ್ಟ್ ಎಂಬ ಬ್ರಿಟಿಷ್ ಕಂಪನಿ ಗ್ರೀನ್‌ಸ್ಲೀವ್ಸ್ ಅನ್ನು ಕೊಂಡಿತು. ಎರಡೇ ವರ್ಷಗಳಲ್ಲಿ, 2008ರಲ್ಲಿ, ಅದು ನ್ಯೂಯಾರ್ಕಿನ ವಿಪಿ ರೆಕಾರ್ಡ್ಸ್‌ನ ಕೈಗೆ ಬಂತು. ಮೂರು ದಶಕಗಳ ಕಿಂಗ್‌ಸ್ಟನ್ನಿನ ಮಾತು ಲಂಡನ್ನಿನಿಂದ ಕ್ವೀನ್ಸ್‌ಗೆ ವರ್ಗವಾಯಿತು.

ಕೊಂಡವರು ಮಾತ್ರ ಅಪರಿಚಿತರಲ್ಲ. ವಿಪಿಯ ಸ್ಥಾಪಕರು ವಿನ್ಸೆಂಟ್ ಚಿನ್ ಮತ್ತು ಪೆಟ್ರೀಶಿಯಾ ಚಿನ್ ದಂಪತಿ. ಕಿಂಗ್‌ಸ್ಟನ್ನಿನ ನಾರ್ತ್ ಪರೇಡ್‌ನಲ್ಲಿ ಅವರ ರ‍್ಯಾಂಡೀಸ್ ಎಂಬ ಅಂಗಡಿ, ಅದರ ಮಹಡಿಯ ಮೇಲೆ ಸ್ಟುಡಿಯೋ ಇತ್ತು. 1970ರ ದಶಕದ ರಾಜಕೀಯ ಹಿಂಸೆಯ ದಿನಗಳಲ್ಲಿ ದ್ವೀಪ ಬಿಟ್ಟು, 1979ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಕಾಕತಾಳೀಯವಾಗಿ ಜಮೈಕಾ ಎಂಬ ಹೆಸರಿನದೇ ಬಡಾವಣೆಯಲ್ಲಿ, ಹೊಸ ವ್ಯಾಪಾರ ತೆರೆದರು. ‘ಮಿಸ್ ಪ್ಯಾಟ್’ ಎಂದೇ ಹೆಸರಾದ ಪೆಟ್ರೀಶಿಯಾ ಅವರ ತಂದೆ ಭಾರತೀಯ ಮೂಲದವರು, ತಾಯಿ ಚೀನೀ ಮೂಲದವರು. ತೋಟದ ದುಡಿಮೆಗೆಂದು, ಅಂಗಡಿಯ ವ್ಯಾಪಾರಕ್ಕೆಂದು ದ್ವೀಪಕ್ಕೆ ಬಂದು ತಮ್ಮ ಭಾಷೆಗಳನ್ನು ಕಳೆದುಕೊಂಡವರ ವಂಶದ ಹೆಣ್ಣುಮಗಳೊಬ್ಬರು ಆ ದ್ವೀಪದ ಭಾಷೆಯ ಅತಿ ದೊಡ್ಡ ಧ್ವನಿಭಂಡಾರಗಳಲ್ಲೊಂದಕ್ಕೆ ಒಡತಿಯಾದರು. ಭಂಡಾರ ಜಮೈಕಾದವರ ಕೈಗೆ ಮರಳಿತು, ಜಮೈಕಾಕ್ಕೆ ಮರಳಲಿಲ್ಲ.

ಗ್ರೀನ್‌ಸ್ಲೀವ್ಸ್‌ನ ಎರಡನೆಯ ಘಟ್ಟವನ್ನು ಸಂಗೀತದ ಇಳಿಗಾಲವೆಂದು ಕರೆಯುವುದು ರುಚಿಯ ಮಾತು. ಆ ಘಟ್ಟ ಬಿಟ್ಟುಹೋದದ್ದು ಪಟ್ವಾದ ಪದಸಂಪತ್ತು, ಬೈಗುಳ, ವಿನೋದ, ವಾಕ್ಯರಚನೆಗಳ ವರ್ಷವರ್ಷದ ದಾಖಲೆ. ಅದಕ್ಕೆ ಸಮನಾದದ್ದನ್ನು ಯಾವ ಶಾಲೆಯೂ ಇಲಾಖೆಯೂ ಕೂಡಿಡಲಿಲ್ಲ. ಭಾಷೆ ಉಳಿಯಲು ಸರಕಾರದ ಮಾನ್ಯತೆ ಬೇಕೇಬೇಕೆಂಬ ನಂಬಿಕೆಗೆ ಈ ಚರಿತ್ರೆ ಒಂದು ತಿದ್ದುಪಡಿ. ಮಾರುಕಟ್ಟೆಯೇ ಸಾಕೆಂಬ ನಂಬಿಕೆಗೂ ಅದು ತಿದ್ದುಪಡಿಯೇ. ಮಾರುಕಟ್ಟೆ ಹಾಡನ್ನು ಉಳಿಸಿತು. ಹಾಡಿದವನ ಹಕ್ಕು, ಡೋಲು ಬಡಿದವನ ಹೆಸರು, ಹಾಡಿನಿಂದ ನೊಂದವರ ದನಿ ಇವುಗಳಿಗಾಗಿ ನ್ಯಾಯಾಲಯವೂ ಚಳವಳಿಯೂ ಬೇಕಾದವು. ಗಡಿಯಾಚೆಗೆ ಬದುಕುವ ಭಾಷೆಗಳ ಅಧ್ಯಯನ ಆಡುವವರ ಎಣಿಕೆಯಲ್ಲಿ ನಿಲ್ಲದೆ, ಆ ಭಾಷೆಯ ದಾಖಲೆಗಳು ಎಲ್ಲಿವೆ, ಯಾರ ಹೆಸರಿನಲ್ಲಿವೆ, ಅವನ್ನು ತೆರೆಯುವ ಅಧಿಕಾರ ಯಾರಿಗಿದೆ ಎಂಬುದನ್ನೂ ತನ್ನ ಪ್ರಶ್ನೆಗಳ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿದೆ.